ಒಂದು ಮೊಡವೆಗೆ ಇಡೀ ಮುಖ ಯಾಕೆ ಒರೆಸುತ್ತೀರಿ?

ಮದುವೆ ಸೀಸನ್ ಮುಗಿಯುತ್ತಾ ಬಂತು. ಕೊಡಗಿನ ಮದುವೆ ವಿಡಿಯೋಗಳು ಒಂದೊಂದಾಗಿ ಎಲ್ಲರ ಫೋನಿಗೂ ಬರುತ್ತಿವೆ. ನೋಡಿ ಸುಮ್ಮನಿರಲು ಆಗುತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮದುಮಗಳ ಕೆನ್ನೆಯ ಮೇಲೆ ಒಂದೇ ಒಂದು ಮೊಡವೆ ಇದ್ದಿರುತ್ತದೆ. ಅದನ್ನು ಮರೆಸಲು ಎಡಿಟರ್ ಮಹಾಶಯರು ಇಡೀ ಮುಖಕ್ಕೆ ಬ್ಯೂಟಿ ಫಿಲ್ಟರ್ ಹಾಕಿರುತ್ತಾರೆ, ಗೋಡೆಗೆ ಸುಣ್ಣ ಬಳಿದ ಹಾಗೆ. ನಕ್ಕಾಗ ಕಣ್ಣಿನ ಪಕ್ಕ ಬೀಳುವ ಗೆರೆ ಇಲ್ಲ, ಮೂಗಿನ ಮೇಲಿನ ಬೆವರು ಇಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ಮೈತುಂಬ ರೇಷ್ಮೆ ಸೀರೆ, ಒಡವೆ. ಬೆವರದೆ ಇರಲು ಸಾಧ್ಯವಾ?

ನಾನೂ ಇದೇ ಕೆಲಸದವನು. ಮದುವೆ, ನಾಮಕರಣ, ಹೋಂಸ್ಟೇ ಜಾಹೀರಾತು, ಬಂದದ್ದನ್ನೆಲ್ಲ ಎಡಿಟ್ ಮಾಡುತ್ತೇನೆ. ಮೊಡವೆ ತೆಗೆಯಲೇಬಾರದು ಎನ್ನುವ ಮಡಿವಂತಿಕೆ ನನಗಿಲ್ಲ. ಹಿಂದಿನ ದಿನ ಎದ್ದ ಮೊಡವೆ ಜೀವನಪೂರ್ತಿ ವಿಡಿಯೋದಲ್ಲಿ ಉಳಿಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದರೆ ಚುಕ್ಕೆ ಎಲ್ಲಿದೆಯೋ ಅಲ್ಲಿ ಮಾತ್ರ ಕೈ ಹಾಕಿ. ಅದಕ್ಕೆ ಮೋಷನ್ ಟ್ರ್ಯಾಕಿಂಗ್ ಇದೆ, ಅಂದರೆ ಮುಖ ಅಲುಗಿದಂತೆಲ್ಲ ಆ ಚುಕ್ಕೆಯನ್ನು ಹಿಂಬಾಲಿಸುವ ಉಪಾಯ. ದುಡ್ಡು ಕೊಟ್ಟು ಏನೂ ಕೊಳ್ಳಬೇಕಾಗಿಲ್ಲ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಟ್ರ್ಯಾಕರ್ ಸಿಗುತ್ತದೆ. ಆಫ್ಟರ್ ಎಫೆಕ್ಟ್ಸ್ ಇರುವವರಿಗೆ ಮೋಕಾ ಎಂಬ ಟ್ರ್ಯಾಕರ್ ಜೊತೆಯಲ್ಲೇ ಬರುತ್ತದೆ.

ಕೊಡವ ಮದುವೆಯ ಮುಹೂರ್ತ ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಅಲ್ಲಿ ಪುರೋಹಿತರಿಲ್ಲ. ಹಿರಿಯರಿಂದ ಶುರುವಾಗಿ ಬಂದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಬಂದು, ಮೊಣಕಾಲು, ಭುಜ, ತಲೆಗೆ ಅಕ್ಕಿ ಹಾಕಿ, ಕಿಂಡಿ ಎಂಬ ಕೊಕ್ಕಿನ ಚೊಂಬಿನಿಂದ ಹಾಲು ಕುಡಿಸಿ, ಕೈಗೆ ಹಣ ಇಟ್ಟು ಹರಸುತ್ತಾರೆ. ಇದು ಗಂಟೆಗಟ್ಟಲೆ ನಡೆಯುತ್ತದೆ. ಕ್ಯಾಮೆರಾ ಅಷ್ಟೂ ಹೊತ್ತು ಮುಖದ ಮೇಲೇ ಇರುತ್ತದೆ. ಮುಖ ಗುರುತಿಸಿ ಕೆಲಸ ಮಾಡುವ ಫಿಲ್ಟರಿಗೆ ಇದರಷ್ಟು ಕಷ್ಟದ ದೃಶ್ಯ ಬೇರೆ ಇಲ್ಲ. ಹರಸುವ ಕೈ ಅಡ್ಡ ಬಂತು, ಫಿಲ್ಟರ್ ಬಿಟ್ಟುಹೋಯಿತು, ಕೆನ್ನೆ ಇದ್ದಹಾಗೆ ಕಂಡಿತು. ಕೈ ಸರಿಯಿತು, ಕೆನ್ನೆ ಮತ್ತೆ ನುಣುಪು. ಹರಸಿದವರು ನೂರು ಜನ ಇದ್ದರೆ ನೂರು ಸಲ ಇದೇ ಆಟ. ಚರ್ಮದ ಬಣ್ಣ ಹಿಡಿದು ನಯ ಮಾಡುವ ಫಿಲ್ಟರ್ ಇನ್ನೂ ವಾಸಿ ಎನ್ನುತ್ತೀರಾ? ನಮ್ಮ ಚರ್ಮದ ಬಣ್ಣವೂ ಚಿನ್ನದ ಬಣ್ಣವೂ ಅದರ ಕಣ್ಣಿಗೆ ಹತ್ತಿರ ಹತ್ತಿರ. ಕೊಡವ ಮದುಮಗಳ ಕತ್ತಿನ ಸರ ಕೊಕ್ಕೆತಾತಿಯ ಕುಸುರಿ ಕೆಲಸವೂ ಮಸುಕಾಗುತ್ತದೆ. ಅಜ್ಜಿಯಿಂದ ಬಂದ ಒಡವೆ ಅದು, ಮಾರಾಯ್ರೆ!

ಟ್ರ್ಯಾಕಿಂಗ್ ಅಂದರೆ ದೊಡ್ಡ ಮಾಯೆಯೇನಲ್ಲ. ಕಂಪ್ಯೂಟರಿಗೆ ಮೊಡವೆ ಗೊತ್ತಿಲ್ಲ, ಕೆನ್ನೆಯೂ ಗೊತ್ತಿಲ್ಲ. ನೀವು ಒಂದು ಸಣ್ಣ ಚೌಕ ತೋರಿಸುತ್ತೀರಿ. ಆ ಚೌಕದೊಳಗಿನ ಬೆಳಕು ನೆರಳಿನ ವಿನ್ಯಾಸ ಮುಂದಿನ ಫ್ರೇಮಿನಲ್ಲಿ, ಅಂದರೆ ವಿಡಿಯೋದ ಮುಂದಿನ ಚಿತ್ರದಲ್ಲಿ, ಎಲ್ಲಿಗೆ ಸರಿಯಿತು ಎಂದು ಅದು ಸುತ್ತಮುತ್ತ ಹುಡುಕುತ್ತದೆ. ಸಿಕ್ಕಿದ ಜಾಗ ಬರೆದಿಟ್ಟುಕೊಂಡು ಮುಂದಕ್ಕೆ ಹೋಗುತ್ತದೆ. ಇದರ ಹಿಂದಿರುವ ಲೆಕ್ಕಗಳಲ್ಲಿ ಒಂದು 1981ರಷ್ಟು ಹಳೆಯದು, ಬ್ರೂಸ್ ಲ್ಯೂಕಾಸ್ ಮತ್ತು ಟಕಿಯೊ ಕನಾಡೆ ಎಂಬಿಬ್ಬರದು. ಎರಡು ಕ್ಯಾಮೆರಾದ ಚಿತ್ರಗಳನ್ನು ಒಂದಕ್ಕೊಂದು ಹೊಂದಿಸುವುದು ಅವರ ಉದ್ದೇಶವಾಗಿತ್ತು. ಯಾವ ಜಾಗ ಹಿಡಿದರೆ ಟ್ರ್ಯಾಕ್ ಜಾರುವುದಿಲ್ಲ ಎಂಬುದರ ಬಗ್ಗೆ 1994ರಲ್ಲಿ ಶಿ ಮತ್ತು ತೊಮಾಸಿ ಬರೆದರು. ಉತ್ತರ ಸರಳವಾಗಿದೆ. ಮೂಲೆಯಂಥ ಜಾಗ ಬೇಕು, ಅಡ್ಡಕ್ಕೂ ಉದ್ದಕ್ಕೂ ಬದಲಾವಣೆ ಇರುವ ಜಾಗ. ಕೆನ್ನೆಯ ನಡುವೆ ಹಿಡಿದರೆ ಅಲ್ಲಿ ಏನೂ ಇಲ್ಲ, ಟ್ರ್ಯಾಕರ್ ತೇಲಿಹೋಗುತ್ತದೆ. ಮದುಮಗನ ಪೇಟದ ಅಂಚು ಹಿಡಿದರೆ ಅದು ಅಂಚಿನ ಉದ್ದಕ್ಕೆ ಜಾರುತ್ತಲೇ ಇರುತ್ತದೆ. ಕಣ್ಣಿನ ಒಳಮೂಲೆ ಒಳ್ಳೆಯದು, ಆದರೆ ಕೆನ್ನೆಯಿಂದ ದೂರ. ತಲೆ ತಿರುಗಿದಾಗ ಕಣ್ಣು ಒಂದಷ್ಟು ಸರಿದರೆ ಕೆನ್ನೆ ಇನ್ನೊಂದಷ್ಟು ಸರಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಪಕ್ಕದಲ್ಲೇ ಇರುವ ಒಂದು ಮಚ್ಚೆ.

ಮಚ್ಚೆಯ ಮಾತು ಬಂತಲ್ಲ, ಒಂದು ಫೋನ್ ಕರೆ ನೆನಪಾಯಿತು. ಮದುಮಗನ ಕಡೆಯ ಹಿರಿಯರೊಬ್ಬರು, 'ಏನಪ್ಪಾ, ಸೊಸೆಯ ಗಲ್ಲದ ಮೇಲೆ ಕಪ್ಪು ಮಚ್ಚೆ ಇದೆಯಲ್ಲ, ಅದನ್ನೂ ತೆಗೆದುಬಿಡು' ಎಂದರು. 'ಒಂದು ಮಾತು ಅವರನ್ನೇ ಕೇಳಿ ಹೇಳ್ತೀನಿ ಆಂಟಿ' ಎಂದೆ. ಹುಡುಗಿ ನಕ್ಕಳು. 'ಅಣ್ಣಾ, ಮೊಡವೆ ಮಾತ್ರ ತೆಗೀರಿ. ಮಚ್ಚೆಗೆ ಕೈ ಹಚ್ಚಿದ್ರೆ ನಾನು ಆಲ್ಬಮ್ಮೇ ತಗೊಳ್ಳಲ್ಲ' ಎಂದಳು. ಅವಳ ಆ ಮಚ್ಚೆಯನ್ನು ಹಿಡಿದೇ ಪಕ್ಕದ ಮೊಡವೆಯನ್ನು ಟ್ರ್ಯಾಕ್ ಮಾಡಿದೆ. ಒಂದು ಫ್ರೇಮೂ ಜಾರಲಿಲ್ಲ. ಅಂದಿನಿಂದ ನನ್ನ ಪದ್ಧತಿ ಇಷ್ಟೇ: ಯಾರ ಮುಖವೋ ಅವರನ್ನೇ ಕೇಳುವುದು. ಅತ್ತೆ, ಚಿಕ್ಕಮ್ಮ, ದುಡ್ಡು ಕೊಡುವ ಅಪ್ಪ, ಯಾರೇ ಹೇಳಲಿ, ಆಮೇಲೆ.

ಈಗ ಕೈಗೆಲಸದ ವಿಷಯ. ಹೊಸಬರು ಜಾಸ್ತಿ ಕೇಳುವುದು ಇದನ್ನೇ. ಮೊದಲ ಫ್ರೇಮಿನಿಂದಲೇ ಟ್ರ್ಯಾಕ್ ಶುರು ಮಾಡಬೇಕಾಗಿಲ್ಲ. ಶಾಟಿನ ನಡುವೆ ಎಲ್ಲಿ ಮುಖ ಸ್ಪಷ್ಟವಾಗಿದೆಯೋ ಅಲ್ಲಿ ನಿಲ್ಲಿಸಿ, ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಓಡಿಸಿ. ಒಂದು ಬಿಂದು ಹಿಡಿದರೆ ಜಾಗ ಮಾತ್ರ ಗೊತ್ತಾಗುತ್ತದೆ. ಹುಡುಗಿ ಹಿರಿಯರ ಕಾಲಿಗೆ ಬಗ್ಗಿದಾಗ ಮುಖ ವಾಲುತ್ತದೆ, ಅಳತೆಯೂ ಬದಲಾಗುತ್ತದೆ. ಅದಕ್ಕೆ ಎರಡು ಬಿಂದು ಬೇಕು. ಇಲ್ಲವೇ ಮೋಕಾದಂಥ ಪ್ಲೇನಾರ್ ಟ್ರ್ಯಾಕರ್ ಬೇಕು. ಅದು ಬಿಂದುವಿನ ಬದಲು ಒಂದು ಹರವನ್ನೇ ಹಿಡಿಯುತ್ತದೆ. ಈ ಮೋಕಾ ಮಾಡಿದವರಿಗೆ 2013ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂದಿದೆ. ಹಾಲಿವುಡ್ಡಿನವರು ಬಳಸುವ ಅದೇ ಉಪಾಯ ನಮ್ಮ ವಿರಾಜಪೇಟೆಯ ಮದುವೆಗೂ ಸಾಕು.

ಟ್ರ್ಯಾಕ್ ಆದಮೇಲೆ ಕೂಡಲೇ ಪ್ಯಾಚ್, ಅಂದರೆ ಬೇರೆ ಕಡೆಯ ಚರ್ಮದ ತುಂಡು, ಅಂಟಿಸಬೇಡಿ. ಮೊದಲು ಬಣ್ಣ ನೋಡಿ. ಹೆಚ್ಚಿನ ಮೊಡವೆಗಳಲ್ಲಿ ಕಣ್ಣಿಗೆ ಹೊಡೆಯುವುದು ಉಬ್ಬಲ್ಲ, ಕೆಂಪು. ವಿಡಿಯೋದ ಚಿತ್ರ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್ ಸೇರಿ ಆಗಿರುತ್ತದೆ. ಕೆಂಪು ಚಾನೆಲ್ ಒಂದನ್ನೇ ತೆರೆದು ನೋಡಿದರೆ ಮೊಡವೆ ಕಾಣುವುದೇ ಇಲ್ಲ ಎನ್ನಬಹುದು. ಹಸಿರು ಮತ್ತು ನೀಲಿಯಲ್ಲಿ ಮಾತ್ರ ಕಪ್ಪಗೆ ಕಾಣುತ್ತದೆ. ಅಂದರೆ ಮೊಡವೆಯನ್ನೇ ಟ್ರ್ಯಾಕ್ ಮಾಡುವುದಾದರೆ ಹಸಿರು ಚಾನೆಲ್ ಹಿಡಿಯಿರಿ. ತೆಗೆಯುವಾಗ ಅಂಚು ಚೆನ್ನಾಗಿ ಫೆದರ್ ಮಾಡಿದ, ಅಂದರೆ ಗೆರೆ ಕಾಣದಂತೆ ಮೆದುವಾಗಿಸಿದ, ಸಣ್ಣ ವೃತ್ತದೊಳಗೆ ಆ ಕೆಂಪು ಛಾಯೆಯನ್ನು ಮಾತ್ರ ಪಕ್ಕದ ಚರ್ಮದ ಬಣ್ಣಕ್ಕೆ ಎಳೆಯಿರಿ. ಚರ್ಮದ ರಂಧ್ರ, ಹೊಳಪು, ನೆರಳು ಯಾವುದೂ ಅಲುಗುವುದಿಲ್ಲ. ಅರ್ಧಕ್ಕರ್ಧ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಅದರಲ್ಲೂ ಮುಗಿಯದಿದ್ದರೆ ಮಾತ್ರ ಪ್ಯಾಚ್. ಪ್ಯಾಚನ್ನು ಅದೇ ಫ್ರೇಮಿನ ಪಕ್ಕದ ಚರ್ಮದಿಂದ ತನ್ನಿ. ಒಂದು ಫ್ರೇಮಿನಿಂದ ಚರ್ಮ ಕತ್ತರಿಸಿ ಶಾಟ್ ಪೂರ್ತಿ ಅದನ್ನೇ ಅಂಟಿಸುವವರಿದ್ದಾರೆ. ಕಲ್ಯಾಣಮಂಟಪದಲ್ಲಿ ಸ್ಟಿಲ್ ಫೋಟೋ ತೆಗೆಯುವವರ ಫ್ಲ್ಯಾಶ್ ಹೊಡೆದ ತಕ್ಷಣ ಇದು ಬಯಲಾಗುತ್ತದೆ. ಮುಖವೆಲ್ಲ ಬೆಳ್ಳಗಾಗುತ್ತದೆ, ಪ್ಯಾಚ್ ಮಾತ್ರ ಹಳೆಯ ಬಣ್ಣದಲ್ಲೇ ಕೂತಿರುತ್ತದೆ. ಚಿತ್ರವನ್ನು ಸಾಲು ಸಾಲಾಗಿ ಹಿಡಿಯುವ ರೋಲಿಂಗ್ ಶಟರ್ ಕ್ಯಾಮೆರಾದಲ್ಲಿ ಫ್ಲ್ಯಾಶ್ ಫ್ರೇಮಿನ ಒಂದು ಪಟ್ಟಿಗೆ ಮಾತ್ರ ಬೀಳುವುದುಂಟು, ಗಲ್ಲ ಬೆಳ್ಳಗೆ, ಹಣೆ ಮಾಮೂಲು. ಟ್ರ್ಯಾಕರ್ ಕೂಡ ಅಲ್ಲೇ ಎಡವುತ್ತದೆ. ಆ ಒಂದೆರಡು ಫ್ರೇಮನ್ನು ಟ್ರ್ಯಾಕರಿಗೆ ಬಿಡದೆ, ಹಿಂದಿನ ಜಾಗಕ್ಕೂ ಮುಂದಿನ ಜಾಗಕ್ಕೂ ನಡುವೆ ಕೈಯಲ್ಲೇ ಕೀಫ್ರೇಮ್ ಹಾಕಿ, ಅಂದರೆ ಜಾಗವನ್ನು ನೀವೇ ಗುರುತು ಮಾಡಿ. ಅಕ್ಕಿ ಹಾಕುವ ಕೈ, ಕಿಂಡಿ ಅಡ್ಡ ಬಂದಾಗಲೂ ಅಷ್ಟೇ. ಟ್ರ್ಯಾಕರ್ ಮುಖ ಬಿಟ್ಟು ಕೈಯ ಬಳೆ ಹಿಡಿದುಕೊಂಡು ಹೊರಟುಬಿಡುತ್ತದೆ! ಕೈಗೆ ಮಾಸ್ಕ್ ಹಾಕಿ ಪ್ಯಾಚಿನಿಂದ ಬೇರೆ ಮಾಡದಿದ್ದರೆ ಅಜ್ಜನ ಬೆರಳ ಮೇಲೆ ಸೊಸೆಯ ಕೆನ್ನೆಯ ತುಂಡು ಕಾಣಿಸುತ್ತದೆ. ಕೊನೆಯದಾಗಿ ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಸಣ್ಣ ಸಣ್ಣ ಕಾಳು. ಸಂಜೆ ಬೆಳಕಿನ ಫುಟೇಜಿನಲ್ಲಿ ಚರ್ಮವೆಲ್ಲ ಸಣ್ಣಗೆ ಮಿಣಮಿಣ ಅನ್ನುತ್ತಿರುತ್ತದೆ. ಮಸುಕು ಮಾಡಿದ ಪ್ಯಾಚ್ ಮಾತ್ರ ನಿಶ್ಚಲವಾಗಿ ನಿಂತರೆ ಮೊಡವೆಗಿಂತ ಅದೇ ಎದ್ದು ಕಾಣುತ್ತದೆ. ಪ್ಯಾಚಿಗೂ ಸ್ವಲ್ಪ ಗ್ರೇನ್ ಸೇರಿಸಿ.

ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಒಂದು ನಿಮಿಷಕ್ಕೆ 1500 ಫ್ರೇಮ್. ಹಾಗಾಗಿ ಎಲ್ಲ ಶಾಟಿಗೂ ಇದನ್ನೆಲ್ಲ ಮಾಡುವುದು ಹುಚ್ಚುತನ. ದೂರದ ಶಾಟಿನಲ್ಲಿ, 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ, ಮುಖಕ್ಕೆ ಸಿಗುವುದೇ ನೂರು ಪಿಕ್ಸೆಲ್. ಅಲ್ಲಿ ಮೊಡವೆ ಯಾರಿಗೆ ಕಾಣುತ್ತದೆ? ಕ್ಲೋಸಪ್ಪುಗಳಿಗೆ ಮಾತ್ರ ಮಾಡಿ.

ಕ್ಯಾಮೆರಾದ ಕಡೆಯ ಕಲೆಗಳ ಬಗ್ಗೆಯೂ ಒಂದು ಮಾತು. ಮಾಂದಲಪಟ್ಟಿಯಲ್ಲಿ ಮಂಜು ತುಂಬಿದಾಗ ಆಕಾಶ ಬೆಳ್ಳಗೆ ಹಾಳೆಯಂತಿರುತ್ತದೆ. ಅಪರ್ಚರನ್ನು, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಂಡಿಯನ್ನು, ಎಫ್ 16ರಷ್ಟು ಕಿರಿದು ಮಾಡಿದರೆ ಸೆನ್ಸರ್ ಮೇಲಿನ ಧೂಳೆಲ್ಲ ಅದರ ಮೇಲೆ ಬೂದು ಚುಕ್ಕೆಯಾಗಿ ಕೂರುತ್ತದೆ. ಕ್ಯಾಮೆರಾ ತಿರುಗಿದರೂ ಚುಕ್ಕೆ ಫ್ರೇಮಿನ ಅದೇ ಜಾಗದಲ್ಲಿರುತ್ತದೆ, ಟ್ರ್ಯಾಕಿಂಗ್ ಬೇಕಿಲ್ಲ. ಆದರೆ ಶಾಟನ್ನು ಮೊದಲೇ ಸ್ಟೆಬಿಲೈಸ್ ಮಾಡಿ ಅಲುಗಾಟ ತೆಗೆದುಬಿಟ್ಟಿದ್ದರೆ ಚುಕ್ಕೆಯೂ ಕುಣಿಯಲು ಶುರು ಮಾಡುತ್ತದೆ. ಮೊದಲು ಚುಕ್ಕೆ ತೆಗೆದು ಆಮೇಲೆ ಸ್ಟೆಬಿಲೈಸ್ ಮಾಡಿ. ಮಳೆಹನಿಗೆ ಮಾತ್ರ ಸಾಫ್ಟ್‌ವೇರ್ ಹುಡುಕಬೇಡಿ, ಜೇಬಿನಲ್ಲೊಂದು ಬಟ್ಟೆ ಇಟ್ಟುಕೊಳ್ಳಿ.

ನಾನು ಮಾಡುವುದಿಲ್ಲ ಎಂದ ಕೆಲಸವೂ ಒಂದಿದೆ. ಹೋಂಸ್ಟೇಯೊಂದರ ಜಾಹೀರಾತು. ರೂಮಿನ ಗೋಡೆಯ ಮೂಲೆಯಲ್ಲಿ ಮಳೆಗಾಲದ ತೇವ ಏರಿ ದೊಡ್ಡ ಕಪ್ಪು ಕಲೆ. 'ಅದೊಂದು ತೆಗೆದುಕೊಡಿ ಸರ್, ನಿಮಗೆ ಎಷ್ಟು ಹೊತ್ತಿನ ಕೆಲಸ?' ಎಂದರು. ನಿಜ, ಕೆಲಸ ಅಂತ ನೋಡಿದರೆ ಅದಕ್ಕಿಂತ ಸುಲಭದ್ದಿಲ್ಲ. ಗೋಡೆ ಚಪ್ಪಟೆ, ಅಲುಗುವುದಿಲ್ಲ, ಪ್ಲೇನಾರ್ ಟ್ರ್ಯಾಕರಿಗೆ ಹೇಳಿಮಾಡಿಸಿದ ಹಾಗಿದೆ. ಆದರೆ ವಿಡಿಯೋ ನೋಡಿ ದುಡ್ಡು ಕಟ್ಟಿದವನು ಆ ರೂಮಿನಲ್ಲೇ ಮಲಗಬೇಕಲ್ಲ. ಗೋಡೆಗೆ ಪೇಂಟ್ ಹೊಡೆಸಿ, ಮತ್ತೆ ಬಂದು ಶೂಟ್ ಮಾಡಿಕೊಡುತ್ತೇನೆ ಎಂದೆ. ಅವರು ಬೇರೆಯವರ ಹತ್ತಿರ ಮಾಡಿಸಿಕೊಂಡರು. ಮಾಡಿಸಿಕೊಳ್ಳಲಿ. ಮದುವೆ ಮನೆಯ ಮೊಡವೆಯಿಂದ ಯಾರಿಗೂ ಮೋಸವಾಗುವುದಿಲ್ಲ, ಇದರಿಂದ ಆಗುತ್ತದೆ.

ಮದುವೆ ಮನೆಯವರಿಗೂ ಒಂದು ವಿನಂತಿ. ಇದು ಬಟನ್ ಒತ್ತಿದರೆ ಆಗುವ ಕೆಲಸವಲ್ಲ, ಹಾಗಾಗಿ ಬುಕ್ ಮಾಡುವಾಗಲೇ ಕೇಳಿ, ಎಷ್ಟು ಶಾಟಿಗೆ ಬೇಕು, ಏನು ರೇಟು ಎಂದು ಮಾತಾಡಿಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಫೈಲ್ ಕಳಿಸಿ 'ಇದರಲ್ಲಿ ಸರಿ ಮಾಡಿಕೊಡಿ' ಎಂದರೆ ಆಗುವುದಿಲ್ಲ. ಅದರಲ್ಲಿ ಚರ್ಮವೆಲ್ಲ ಚೌಕ ಚೌಕವಾಗಿ ಒಡೆದಿರುತ್ತದೆ, ಟ್ರ್ಯಾಕರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಹಾರ್ಡ್‌ಡಿಸ್ಕಿಗೆ ಹಾಕಿಸಿಕೊಂಡು ತನ್ನಿ, ಕೂತು ನೋಡೋಣ.