ಬೈಯಲಿಕ್ಕೂ ಯೋಗ್ಯತೆ ಬೇಕು

ಬೈಯುವುದು ಯಾರಿಗೆ ಬರುವುದಿಲ್ಲ? ಆದರೆ ಛಂದಸ್ಸು ಕೆಡದಂತೆ, ಪ್ರಾಸ ತಪ್ಪದಂತೆ, ಐನೂರು ಸಾಲು ದಾಟುವವರೆಗೆ ಬೈಯಿರಿ ಎಂದರೆ ನಮ್ಮಲ್ಲಿ ಹೆಚ್ಚಿನವರ ನಾಲಿಗೆ ನಾಲ್ಕನೇ ಸಾಲಿಗೇ ಒಣಗೀತು. ಸ್ಕಾಟ್ಲೆಂಡಿನ ದೊರೆ ನಾಲ್ಕನೇ ಜೇಮ್ಸ್‌ನ ಕಾಲದಲ್ಲಿ ವಿಲಿಯಂ ಡನ್‌ಬಾರ್, ವಾಲ್ಟರ್ ಕೆನಡಿ ಎಂಬ ಇಬ್ಬರು ಕವಿಗಳು ಅಷ್ಟನ್ನೂ ಬೈದರು. ಇಂಥ ಪದ್ಯಜಗಳಕ್ಕೆ ಅಲ್ಲಿ ಫ್ಲೈಟಿಂಗ್ ಎನ್ನುತ್ತಾರೆ. ಎಡಿನ್‌ಬರೋದಲ್ಲಿ ಆ ದೇಶದ ಮೊದಲ ಅಚ್ಚುಕೂಟ ಶುರುವಾದದ್ದು 1508ರ ಸುಮಾರಿಗೆ. ಅಲ್ಲಿಂದ ಹೊರಬಿದ್ದ ಮೊದಮೊದಲ ಪುಸ್ತಕಗಳಲ್ಲಿ ಈ ಬೈಗುಳವೂ ಒಂದು. ಶುಭಾರಂಭ ಅಂದರೆ ಇದು!

ಕೆನಡಿ ಸ್ಕಾಟ್ಲೆಂಡಿನ ಹಳೆಯ ಭಾಷೆ ಗೇಲಿಕ್ ಮಾತಾಡುವ, ನೈಋತ್ಯ ಮೂಲೆಯ ಕ್ಯಾರಿಕ್ ಸೀಮೆಯವನು. ನಿನ್ನ ಕ್ಯಾರಿಕ್ ತುಟಿಗಿಂತ ನಮ್ಮ ಲೋಥಿಯನ್ನಿನವರ (ಎಂದರೆ ಎಡಿನ್‌ಬರೋ ಸೀಮೆಯವರ) ಕುಂಡಿಯೇ ಚೆನ್ನಾಗಿ ಇಂಗ್ಲಿಷ್ ಆಡೀತು ಎಂದ ಡನ್‌ಬಾರ್. ಕೆನಡಿ ಬಿಟ್ಟಾನೆಯೇ? ನಿಜವಾದ ಸ್ಕಾಟರ ಭಾಷೆ ಗೇಲಿಕ್ಕೇ ಎಂದು ಗುದ್ದಿ, ಆಮೇಲೆ ಡನ್‌ಬಾರನ ಹಡಗಿನ ಪ್ರಯಾಣವನ್ನು ಕೆದಕಿದ. ನಾವಿಕರೆಲ್ಲ ಸೇರಿ ನೀರೆತ್ತಿ ಹಾಕುವುದಕ್ಕಿಂತ ಬೇಗ ಬೇಗ ಇವನು ವಾಂತಿ ಮಾಡಿದನಂತೆ. ಉಳಿದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೊನೆಕೊನೆಗೆ ಡನ್‌ಬಾರ್ ಒಂದೇ ಸಾಲಿನೊಳಗೆ ಮೂರು ಮೂರು ಸಲ ಪ್ರಾಸ ಕಟ್ಟಿ ಬೈಯುತ್ತಾನೆ. ನಿಜವಾದ ಸಿಟ್ಟಿಗೆ ಅಷ್ಟು ವ್ಯವಧಾನ ಎಲ್ಲಿರುತ್ತದೆ? ಇದೇ ಡನ್‌ಬಾರ್ ಸತ್ತ ಕವಿಗಳನ್ನು ನೆನೆದು ಇನ್ನೊಂದು ಪದ್ಯ ಬರೆದ. ಅದರಲ್ಲಿ ಕೆನಡಿಯೂ ಬರುತ್ತಾನೆ: ಒಳ್ಳೆಯವನು, ಸಾವಿನ ಅಂಚಿನಲ್ಲಿ ಮಲಗಿದ್ದಾನೆ, ಅಯ್ಯೋ ಹಾಗಾಗಬಾರದಿತ್ತು ಎಂದು.

ದೊರೆಯೇ ಜಗಳಕ್ಕಿಳಿದರೆ ಕಷ್ಟ. ಐದನೇ ಜೇಮ್ಸ್ ತನ್ನನ್ನು ಕೂಸಾಗಿದ್ದಾಗ ಎತ್ತಿ ಆಡಿಸಿದ್ದ ಡೇವಿಡ್ ಲಿಂಡ್ಸೆಯನ್ನು ಪದ್ಯದಲ್ಲಿ ಬೈದ. ಆ ಪದ್ಯ ಕಳೆದುಹೋಗಿದೆ, ಲಿಂಡ್ಸೆಯ ಉತ್ತರ ಉಳಿದಿದೆ. ನಾನೆಲ್ಲಿ, ಪ್ರಭುಗಳೆಲ್ಲಿ ಎಂದು ಕೈಮುಗಿದುಕೊಂಡೇ ಶುರುಮಾಡುವ ಈತ, ದೊರೆ ಅಡುಗೆಯ ಹುಡುಗಿಯ ಜೊತೆ ಚೆಲ್ಲಾಟಕ್ಕೆ ಹೋಗಿ ಬಿಯರಿನ ಕೊಪ್ಪರಿಗೆ ಉರುಳಿಬಿದ್ದದ್ದನ್ನೂ ಹೇಳಿ, ಬೇಗ ಮದುವೆಯಾಗಿ ಎಂದು ಬುದ್ಧಿ ಹೇಳುತ್ತಾನೆ. ಹಳೇ ನೌಕರರ ಬಾಯಿಗೆ ಬೀಗವೆಲ್ಲಿ?

ಆರನೇ ಜೇಮ್ಸ್‌ನ ಕಾಲಕ್ಕೆ ಪಣವೂ ಬಂತು. ಅಲೆಗ್ಸಾಂಡರ್ ಮಾಂಟ್‌ಗೊಮೆರಿಯೂ ಪೋಲ್ವರ್ಟ್ ಎಂಬವನೂ ಕಾದಾಡಿದ್ದು ಅರಮನೆಯ ಒಲೆಮೂಲೆಯ ಜಾಗಕ್ಕಾಗಿ. ಮುಳ್ಳುಗಳ ನಡುವಿನ ಇಲಿಯಂತೆ ಕೀಚುಗುಟ್ಟುತ್ತೀಯ ಎಂದು ಶುರುಮಾಡಿದ ಮಾಂಟ್‌ಗೊಮೆರಿಯೇ ಗೆದ್ದ. ಸ್ಕಾಟ್ಲೆಂಡಿನ ಚಳಿಯನ್ನು ನೆನೆದರೆ, ಬಹುಮಾನ ಕಡಿಮೆಯದೇನಲ್ಲ.