ತಗಡಿನ ಕೂಲರ್

ಏಪ್ರಿಲ್ ಬಂತೆಂದರೆ ಕಲಬುರಗಿಯ ಮನೆಗಳಿಗೆ ಕೂಲರೇ ಯಜಮಾನ. ಹೊರಗೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಹಾಸಿಗೆ ಎಲ್ಲಿ ಹಾಸಬೇಕು, ಯಾರು ಯಾವ ಕಡೆ ಮಲಗಬೇಕು, ಎಲ್ಲ ಅದರ ಮುಖ ನೋಡಿಯೇ ತೀರ್ಮಾನ.

ಈ ಯಜಮಾನರಲ್ಲಿ ಎರಡು ಜಾತಿ. ಒಂದು ಊರಲ್ಲೇ ಮಾಡಿದ ತಗಡಿನದು. ಇನ್ನೊಂದು ರಿಮೋಟ್ ಇರುವ ಪ್ಲಾಸ್ಟಿಕ್‌ನದು. ತಗಡಿನದು ನೋಡೋಕೆ ಚಂದ ಇಲ್ಲ. ರಾತ್ರಿಯಿಡೀ ಗುರ್ ಅನ್ನುತ್ತದೆ, ತಳಕ್ಕೆ ತುಕ್ಕು ಹಿಡಿಯುತ್ತದೆ. ಆದರೆ ಅದರ ಹೊಟ್ಟೆಯಲ್ಲಿ ಇರುವುದೇ ಇಷ್ಟು: ಒಂದು ಮೋಟರ್, ಅದಕ್ಕೊಂದು ರೆಕ್ಕೆ, ಪುಟ್ಟ ಪಂಪು, ಮೂರು ಕಡೆ ಹುಲ್ಲು. ಹುಲ್ಲು ಕೊಳೆತರೆ ಬದಲಿಸಿ. ಪಂಪು ಸತ್ತರೆ ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಬಜಾರಿಗೆ ಹೋಗಿ ಇನ್ನೊಂದು ತನ್ನಿ. ಮೋಟರ್ ಸುಟ್ಟರೆ ವೈಂಡಿಂಗ್ ಅಂಗಡಿಯವನು ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುತ್ತಾನೆ. ತಳ ತೂತಾದರೆ ಡಾಂಬರು ಬಳಿದರಾಯಿತು. ಹೀಗೆ ಬದಲಿಸಿ ಬದಲಿಸಿ ಕೊನೆಗೆ ಹಳೆಯದು ಅಂತ ಉಳಿದಿರುವುದು ಸ್ಟ್ಯಾಂಡ್ ಒಂದೇ. ಆದರೂ ಬಂದವರ ಮುಂದೆ, "ಹಳೀ ಮಾಲ್ ನೋಡ್ರಿ, ಇನ್ನೂ ಗಟ್ಟಿ ಅದ!" ಅನ್ನುವುದು ಬಿಡುವುದಿಲ್ಲ.

ನಮ್ಮ ಪ್ಲಾಸ್ಟಿಕ್ ಕೂಲರ್ ವಾರಂಟಿ ಮುಗಿದ ಮರು ಬೇಸಿಗೆಗೇ ಸುಮ್ಮನಾಯಿತು. ಮೋಟರ್ ಸರಿ ಇತ್ತು, ಪಂಪೂ ಸರಿ ಇತ್ತು. "ಬೋರ್ಡ್ ಹೋಗ್ಯಾದ್ರಿ ಸರ್. ಈ ಮಾಡೆಲ್‌ದು ಈಗ ಸಿಗಂಗಿಲ್ಲ. ಹೊಸಾದೇ ತಗೋರಿ" ಅಂದ ಮೆಕ್ಯಾನಿಕ್. ಅಂಗೈ ಅಗಲದ ಬೋರ್ಡ್ ಇಲ್ಲ ಅಂತ ಆಳೆತ್ತರದ ಕೂಲರ್ ಗುಜರಿಗೆ! ಎಲ್‌ಇಡಿ ಬಲ್ಬಿನದೂ ಇದೇ ಕಥೆ. ಎಷ್ಟೋ ಸಲ ಬೆಳಕು ಕೊಡುವ ಚುಕ್ಕೆಗಳು ಚೆನ್ನಾಗಿಯೇ ಇರುತ್ತವೆ. ಕರೆಂಟ್ ಹದ ಮಾಡುವ ಡ್ರೈವರ್‌ನಲ್ಲಿ ಕೆಪಾಸಿಟರ್ ಬಿಸಿಗೆ ಸತ್ತಿರುತ್ತದೆ.

ಹಾಗಂತ ಹಳೆಯದೆಲ್ಲ ಗಟ್ಟಿ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಬೇಗ ಕೆಟ್ಟದ್ದೆಲ್ಲ ಆಗಲೇ ಗುಜರಿಗೆ ಹೋಗಿದೆ. ಅಜ್ಜನ ಫ್ಯಾನ್ ಇನ್ನೂ ತಿರುಗುತ್ತಿದ್ದರೆ ಕಾಣುವುದು ಅದೊಂದೇ, ಅದರ ಜೊತೆಯವು ಏನಾದವು ಅಂತ ಯಾರು ಕೇಳುತ್ತಾರೆ? ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಒಂದು ಬಲ್ಬು ಉರಿಯುತ್ತಿದೆ. ಕೇಳಿ ಬೆರಗಾಗುತ್ತೇವೆ. ಆದರೆ ಈಗ ಅದರ ಬೆಳಕು ಸುಮಾರು 4 ವ್ಯಾಟ್‌ನಷ್ಟು, ಅದರಡಿ ಪೇಪರ್ ಓದಲಾಗದು. ತಂತಿ ಕಡಿಮೆ ಕಾದರೆ ಹೆಚ್ಚು ಬಾಳುತ್ತದೆ, ಬೆಳಕು ಮಾತ್ರ ಕಡಿಮೆ.

ಕಂಪನಿಗಳು ಸಾಚಾ ಅಂತಲೂ ಅಲ್ಲ. 1924ರಲ್ಲಿ ದೊಡ್ಡ ದೊಡ್ಡ ಬಲ್ಬ್ ತಯಾರಕರು ಜಿನೀವಾದಲ್ಲಿ ಕೂತು 'ಫೀಬಸ್' ಅಂತ ಕೂಟ ಕಟ್ಟಿಕೊಂಡರು. ಬಲ್ಬಿನ ಆಯಸ್ಸು 1000 ಗಂಟೆ ಅಂತ ನಿಗದಿ ಮಾಡಿದರು. ಅದಕ್ಕಿಂತ ಜಾಸ್ತಿ ಉರಿಯುವ ಬಲ್ಬು ಮಾಡಿದವನಿಗೆ ದಂಡ! ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ದಂಡ ಕಟ್ಟಿದವರು ಇವರೇ ಇರಬೇಕು.

ಈಗ ಅಂಥ ಕೂಟವೂ ಬೇಕಾಗಿಲ್ಲ. ಸ್ಕ್ರೂ ಇರಬೇಕಾದಲ್ಲಿ ಗಮ್ ಹಾಕಿದರೆ ಸಾಕು. ಬಿಚ್ಚಲಾಗದ್ದನ್ನು ಯಾವ ಮೆಕ್ಯಾನಿಕ್ ರಿಪೇರಿ ಮಾಡುತ್ತಾನೆ? ಬಿಚ್ಚಿದರೂ ಅವನ ಕೂಲಿ ಹೊಸ ಸಾಮಾನಿನ ಅರ್ಧ ಬೆಲೆ ಆಗಿಬಿಡುತ್ತದೆ. ನಾವೂ ಆಫರ್ ನೋಡಿದ ಕೂಡಲೇ ಹಳೆಯದರ ಮೇಲೆ ಪ್ರೀತಿ ಕಳೆದುಕೊಳ್ಳುವವರೇ, ಅಲ್ವಾ? ಫ್ರಾನ್ಸ್‌ನಲ್ಲಿ 2021ರಲ್ಲಿ ಮೊಬೈಲು, ಟಿವಿ, ವಾಷಿಂಗ್ ಮಷೀನಿನಂಥವುಗಳಿಗೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಇಂತಿಷ್ಟು ಅಂಕ ಕೊಟ್ಟು ಮಾರಬೇಕು ಅಂತ ನಿಯಮ ತಂದರು. ಅಲ್ಲಿಗೆ ನಮ್ಮ ತಗಡಿನ ಕೂಲರ್ ಕಳಿಸಿದರೆ ಹತ್ತಕ್ಕೆ ಹತ್ತು ಗ್ಯಾರಂಟಿ. ಸದ್ದಿಗೂ ಅಂಕ ಇದ್ದರೆ ಫೇಲ್.

ಈ ಬೇಸಿಗೆಗೆ ಮನೆಗೆ ತಗಡಿನದನ್ನೇ ತಂದೆ. "ಅಪ್ಪಾ, ಇದಕ್ಕ ರಿಮೋಟ್ ಇಲ್ಲೇನು?" ಅಂತ ಮಗಳು ಮುಖ ಊದಿಸಿಕೊಂಡಳು. ಅವರಮ್ಮ ಒಳಗಿನಿಂದಲೇ ಕೂಗಿದಳು: "ಇಲ್ಲ ಅಂತ ಯಾರು ಅಂದ್ರು? ನಿನ್ನ ತಮ್ಮನ್ನ ಎಬ್ಬಿಸು."