ಮರುಭೂಮಿಯವರ ಅಂಗಳ, ನಮ್ಮ ರಾಜಕಾಲುವೆ

ಕೋಲಾರದವರು ನೀರಿನ ಮಾತೆತ್ತಿದರೆ ಮೊದಲು ಬರುವುದು ‘ನಮ್ಮದು ಬರದ ಸೀಮೆ, ನದಿಯಿಲ್ಲ, ನಾಲೆಯಿಲ್ಲ’ ಎಂಬ ಮಾತು. ಅದನ್ನು ಕೇಳಿಕೊಂಡೇ ಬೆಳೆದು ದೆಹಲಿಗೆ ಹೋಗಿ ನೆಲೆಸಿದವನು ನಾನು. ಈ ಚಳಿಗಾಲದಲ್ಲಿ ಜೈಸಲ್ಮೇರಿನ ಅಕ್ಕನ ಮನೆಗೆ ಹೋಗಿಬಂದ ಮೇಲೆ ಆ ಮಾತು ನನ್ನ ಬಾಯಲ್ಲಿ ಬರುತ್ತಿಲ್ಲ.

ಜನವರಿಯ ದೆಹಲಿಯಲ್ಲಿ ಮಂಜು, ಹೊಗೆ ಎರಡೂ ಸೇರಿ ಸೂರ್ಯನನ್ನು ಕಾಣುವುದೇ ಅಪರೂಪ. ಜೈಸಲ್ಮೇರಿನಲ್ಲಿ ಹಗಲೆಲ್ಲ ಹಿತವಾದ ಬಿಸಿಲು, ರಾತ್ರಿ ಮಾತ್ರ ಗಡಗಡ ನಡುಗಿಸುವ ಚಳಿ. ಭಾವನವರಿಗೆ ಅಲ್ಲಿ ಗಾಳಿಯಂತ್ರಗಳ ಕಂಪನಿಯಲ್ಲಿ ಕೆಲಸ. ಅಮ್ಮ ನನಗಿಂತ ಮೊದಲೇ ಕೋಲಾರದಿಂದ ಅವರೆಕಾಯಿ ಚೀಲದ ಸಮೇತ ಬಂದಿದ್ದರು. ಹಿಂದಿನ ರಾತ್ರಿ ನೆನೆಹಾಕಿದ್ದ ಕಾಳನ್ನು ತಾರಸಿಯ ಬಿಸಿಲಲ್ಲಿ ಎಲ್ಲರೂ ಕುಳಿತು ಹಿತಕಿದೆವು. ಅಂದು ಹಿತಕಿದ ಬೇಳೆ ಸಾರು, ಮುದ್ದೆ. ಮಾರನೆಯ ದಿನ ಪಕ್ಕದ ಮನೆಯವರು ಕಳಿಸಿದ ಸಜ್ಜೆ ರೊಟ್ಟಿ, ಮರುಭೂಮಿಯ ಗಿಡಮರಗಳ ಕಾಯಿಗಳಾದ ಕೇರ್–ಸಾಂಗ್ರಿಯ ಪಲ್ಯ. ಊಟದಲ್ಲಿ ಎರಡು ಸೀಮೆಗಳಿಗೂ ಅಂಥ ದೂರವಿಲ್ಲ. ನೀರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಬಹಳ ದೂರವಿದೆ.

ಭಾನುವಾರ ಭಾವ ತಮ್ಮ ಸಹೋದ್ಯೋಗಿಯ ಹಳ್ಳಿಗೆ ಕರೆದೊಯ್ದರು. ಮನೆಯ ಮುಂದೆ ನೆಲದೊಳಗೆ ಕಟ್ಟಿದ ದುಂಡನೆಯ ತೊಟ್ಟಿ, ಅದಕ್ಕೆ ಮುಚ್ಚಳ, ಮುಚ್ಚಳಕ್ಕೊಂದು ಪುಟ್ಟ ಕಬ್ಬಿಣದ ಬಾಗಿಲು, ಬಾಗಿಲಿಗೆ ಬೀಗ. ಅಲ್ಲಿಯವರು ಇದನ್ನು ಟಾಂಕಾ ಎನ್ನುತ್ತಾರೆ. ಸುತ್ತಲಿನ ನೆಲವನ್ನು ಗಟ್ಟಿಮಾಡಿ ತೊಟ್ಟಿಯ ಕಡೆಗೆ ವಾಟ ಕೊಟ್ಟಿದ್ದಾರೆ. ಆ ಅಂಗಳ ಆಗೋರ್. ಬಿದ್ದ ಮಳೆಯೆಲ್ಲ ಅದರ ಮೇಲೆ ಹರಿದು, ಜಾಲರಿ ಹಾಕಿದ ಕಿಂಡಿಯಿಂದ ಒಳಗಿಳಿಯುತ್ತದೆ. ಅಮ್ಮ ಚಪ್ಪಲಿ ಮೆಟ್ಟಿಕೊಂಡೇ ಅಂಗಳಕ್ಕೆ ಕಾಲಿಡಲು ಹೋದಾಗ ಆ ಮನೆಯ ಅಜ್ಜಿ ಕೈ ಅಡ್ಡ ಹಿಡಿದರು. ಗದರಲಿಲ್ಲ, ಚಪ್ಪಲಿಯ ಕಡೆ ಬೆರಳು ತೋರಿಸಿದರು, ಅಷ್ಟೆ. ಮಳೆಗಾಲಕ್ಕೆ ಇನ್ನೂ ತಿಂಗಳುಗಟ್ಟಲೆ ಇತ್ತು. ಆದರೂ ಆಡುಗಳನ್ನು ಅಂಗಳದಿಂದ ಆಚೆಗೇ ಕಟ್ಟಿದ್ದರು, ಕಸಕಡ್ಡಿ ಒಂದೂ ಇರಲಿಲ್ಲ.

ಊರಾಚೆ ಇನ್ನೊಂದು ಏರ್ಪಾಡು ನೋಡಿದೆ. ಕಲ್ಲುನೆಲದ ದಿಬ್ಬಗಳಿಂದ ಹರಿದು ಬರುವ ಮಳೆನೀರನ್ನು ತಗ್ಗಿನಲ್ಲಿ ಮಣ್ಣಿನ ಏರಿ ಹಾಕಿ ನಿಲ್ಲಿಸುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಇದು ಖಡೀನ್, ಪಾಲೀವಾಲ ಬ್ರಾಹ್ಮಣರು ಶತಮಾನಗಳ ಹಿಂದೆ ರೂಢಿಗೆ ತಂದದ್ದು. ಸುತ್ತ ಬೆಂಗಾಡು, ನಡುವೆ ಮೊಣಕಾಲೆತ್ತರದ ಹಸಿರು ಕಡಲೆ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗೂ ಕಡಿಮೆ. ಕೋಲಾರದಲ್ಲಿ ಸುಮಾರು 700.

ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಶತಮಾನಗಳ ಕಾಲ ಜೈಸಲ್ಮೇರಿಗೆ ಕುಡಿಯುವ ನೀರು ಕೊಟ್ಟ ಗಡೀಸರ್ ಕೆರೆ ಈಗ ಪ್ರವಾಸಿಗರು ದೋಣಿ ಹತ್ತುವ ಜಾಗ. ಅಕ್ಕನ ಮನೆಯ ನಲ್ಲಿಗೆ ಬರುವುದು ದೂರದ ಪಂಜಾಬಿನಿಂದ ಹೊರಟ ಇಂದಿರಾ ಗಾಂಧಿ ಕಾಲುವೆಯ ನೀರು. ಕಾಲುವೆ ಬಂದಲ್ಲೆಲ್ಲ ಹಳೆಯ ಟಾಂಕಾಗಳು ಪಾಳುಬಿದ್ದಿವೆ ಎಂದು ಭಾವ ಬೇಸರಪಟ್ಟರು. ಆದರೆ ಆ ಅಜ್ಜಿಯ ಮನೆಯವರು ನೀರು ಬರುವ ದಾರಿಯನ್ನು ವರ್ಷವಿಡೀ ಕಾಯುತ್ತಾರೆ. ನಾವು ಬಿಟ್ಟುಕೊಟ್ಟಿರುವುದು ಇದನ್ನೇ.

ಸಂಕ್ರಾಂತಿಗೆ ಅಮ್ಮನನ್ನು ಕರೆದುಕೊಂಡು ಕೋಲಾರ ತಾಲ್ಲೂಕಿನ ನಮ್ಮೂರಿಗೆ ಬಂದೆ. ದೊಡ್ಡಪ್ಪನ ಜೊತೆ ಕೆರೆ ಏರಿಯ ಮೇಲೆ ನಡೆದೆ. ಒಳಗೆಲ್ಲ ಬಳ್ಳಾರಿ ಜಾಲಿ. ತೂಬಿನ ಕಲ್ಲುಗಂಬಗಳು ಗಟ್ಟಿಯಾಗಿಯೇ ನಿಂತಿವೆ. ಒಂದು ಕಾಲಕ್ಕೆ ತೂಬು ಎತ್ತಿ ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವ ನೀರಗಂಟಿ ಇದ್ದರು. ಅವರ ಮಾತನ್ನು ಊರಗೌಡರೂ ಮೀರುತ್ತಿರಲಿಲ್ಲವೆಂದು ದೊಡ್ಡಪ್ಪ ಹೇಳಿದರು. ಒಂದು ಕೆರೆ ಕೋಡಿ ಹರಿದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೊಂದಕ್ಕೆ ನೀರು ಇಳಿಯುವಂತೆ ಹಿರಿಯರು ಈ ಸೀಮೆಯ ಉದ್ದಗಲಕ್ಕೂ ಕೆರೆಗಳ ಸರಪಳಿ ಕಟ್ಟಿದ್ದರು. ಕೊಳವೆಬಾವಿ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ಈಗ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗುವ ನೆಚ್ಚಿಕೆಯಿಲ್ಲ, ಸಿಕ್ಕ ನೀರಿನಲ್ಲಿ ಫ್ಲೋರೈಡ್. ಕೆರೆಗೆ ನೀರು ತರುವ ದಿಣ್ಣೆಗಳಲ್ಲಿ ನೀರು ಹೀರುವ ನೀಲಗಿರಿ ತೋಪುಗಳು ಎದ್ದವು. ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸುವ ಹೊತ್ತಿಗೆ ತಡವಾಗಿತ್ತು. ಮಳೆನೀರನ್ನು ಕೆರೆಗೆ ತರುತ್ತಿದ್ದ ನಮ್ಮೂರ ರಾಜಕಾಲುವೆಯಂತೂ ಅರ್ಧ ಹೊಲಗಳಿಗೆ ಸೇರಿದೆ, ಉಳಿದರ್ಧ ಬಡಾವಣೆಯ ನಿವೇಶನಗಳ ಕೆಳಗೆ ಹೂತುಹೋಗಿದೆ.

‘ಮಳೆಯೇ ಇಲ್ಲದ ಮೇಲೆ ಕಾಲುವೆ ಇಟ್ಟುಕೊಂಡು ಏನು ಮಾಡುವುದಪ್ಪ?’ ಎಂದರು ದೊಡ್ಡಪ್ಪ. 2021ರ ನವೆಂಬರ್ ನೆನಪಿಸಿದೆ. ಆ ವರ್ಷ ಜಿಲ್ಲೆಯಲ್ಲಿ ಎಷ್ಟೋ ಕಾಲದಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು, ಜನ ಬಾಗಿನ ಬಿಟ್ಟರು. ನಮ್ಮ ಕೆರೆಗೆ ಮಾತ್ರ ಅರ್ಧಕ್ಕಿಂತ ಹೆಚ್ಚು ನೀರು ಬರಲಿಲ್ಲ. ದಾರಿ ಮುಚ್ಚಿದ್ದರಿಂದ ನೀರು ರಸ್ತೆ ಹಿಡಿಯಿತು, ಟೊಮೆಟೊ ತೋಟಗಳಿಗೆ ನುಗ್ಗಿತು. ದೊಡ್ಡಪ್ಪ ಸುಮ್ಮನಾದರು.

ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡವರ ಸಂತೋಷ ನನಗೆ ಅರ್ಥವಾಗುತ್ತದೆ. ಎರಡು ಹಂತಗಳಲ್ಲಷ್ಟೇ ಶುದ್ಧಿಯಾಗಿ ಬರುವ ಈ ನೀರಿಗೆ ಮೂರನೇ ಹಂತದ ಶುದ್ಧೀಕರಣವೂ ಬೇಕೆಂಬ ಹೋರಾಟಗಾರರ ಬೇಡಿಕೆ ಅದಕ್ಕಿಂತಲೂ ನ್ಯಾಯವಾದದ್ದು. ಪಶ್ಚಿಮ ಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಗೂ ಕಾಯುತ್ತಿದ್ದೇವೆ. ಹೊರಗಿನ ನೀರು ಬರಲಿ, ಬೇಡವೆನ್ನುವುದಿಲ್ಲ. ಆದರೆ ನಮ್ಮ ತಲೆಯ ಮೇಲೇ ಬೀಳುವ 700 ಮಿಲಿಮೀಟರ್ ಮಳೆಗೆ ದಾರಿ ಬಿಡದೆ ಪರಊರಿನ ನೀರಿಗೆ ಕೈಚಾಚುವುದು ನನಗೆ ನೋವಿನ ಸಂಗತಿ. ಹೂಳೆತ್ತಲು ಹಣ ಬರುತ್ತದೆ, ಜೆಸಿಬಿ ಬರುತ್ತದೆ, ಫೋಟೋ ತೆಗೆಯುತ್ತಾರೆ. ಕಾಲುವೆ ಬಿಡಿಸುವ ಮಾತು ಬಂದರೆ ಎಲ್ಲರೂ ಹಿಂದೆ ಸರಿಯುತ್ತಾರೆ, ಏಕೆಂದರೆ ಒತ್ತುವರಿ ಮಾಡಿರುವವರಲ್ಲಿ ಹೊರಗಿನವರಷ್ಟೇ ಅಲ್ಲ, ನಮ್ಮ ದಾಯಾದಿಗಳೂ ಇದ್ದಾರೆ.

ಗ್ರಾಮ ನಕ್ಷೆಯಲ್ಲಿ ರಾಜಕಾಲುವೆಯ ಗೆರೆ ಇನ್ನೂ ಸ್ಪಷ್ಟವಾಗಿದೆ. ಅದನ್ನು ಅಳೆದು ಗಡಿಕಲ್ಲು ನೆಡಬೇಕೆಂದು ಕೋರುವ ಅರ್ಜಿಯನ್ನು ಸಂಕ್ರಾಂತಿಯ ಮಾರನೆಯ ದಿನ ಬರೆದೆವು. ದೊಡ್ಡಪ್ಪ ಮೊದಲು ಸಹಿ ಹಾಕಿದರು. ಕಾಲುವೆಗೆ ಸೇರಿದ ನೆಲದಲ್ಲಿ ಅವರದೂ ಒಂದು ಪಟ್ಟಿ ಇದೆ; ಅಳತೆ ಅಲ್ಲಿಂದಲೇ ಶುರುವಾಗಲಿ ಎಂದು ಅವರೇ ಹೇಳಿದ್ದಾರೆ.